ಕುಲ್ಯಾಶ್ ಅಪಾ ಮತ್ತು ನಾಯಿಯ ಗೇಟು

ಬರೋನ್ ಎಂಬ ಆ ಬಾಕ್ಸರ್ ನಾಯಿಯ ಬಾಯಿಂದ ಜೊಲ್ಲು ಸುರಿಯುವುದಿಲ್ಲ, ನೇತಾಡುತ್ತದೆ. ತಲೆ ಕೊಡವಿದರೆ ಹಾರಿ ಗೋಡೆಗೆ ಅಂಟಿ, ಒಣಗಿ, ಬಸವನಹುಳು ಹರಿದ ಗೆರೆಯಂತೆ ಹೊಳೆಯುತ್ತದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಕೊರಿಯಾಕ್ಕೆ ದುಡಿಯಲು ಹೋಗುವಾಗ "ಸ್ವಲ್ಪ ದಿನ ಇಟ್ಕೋ" ಎಂದಿದ್ದ. ನಾಯಿ ಇದ್ದರೆ ಪಾರ್ಕಿನಲ್ಲಿ ಹುಡುಗಿಯರು ಮಾತಾಡಿಸುತ್ತಾರೆಂಬ ಆಸೆಗೆ ಒಪ್ಪಿದೆ. ಮಾತಾಡಿಸಿದ್ದೂ ನಿಜ: "ಅಣ್ಣಾ, ನಿಮ್ಮ ಪ್ಯಾಂಟಿಗೆ ಏನೋ ಅಂಟಿದೆ."

ಅಲ್ಮಾಟಿ ನಗರದ ಅಂಗಡಿಯೊಂದರಲ್ಲಿ ಕಮೋಡು, ವಾಶ್‌ಬೇಸಿನ್ ಮಾರುವುದು ನನ್ನ ಕೆಲಸ. ದಿನವಿಡೀ ಶುಚಿತ್ವದ ಭಾಷಣ ಬಿಗಿದು ಸಂಜೆ ನಾಯಿನಾತದ ಬಾಡಿಗೆ ಮನೆಗೆ ಬಂದು ಬೀಳುತ್ತಿದ್ದೆ. ಅಲ್ಲಿಗೇ ನನ್ನ ಅಜ್ಜಿ ಕುಲ್ಯಾಶ್ ಅಪಾ ನಮ್ಮೂರು ಶಿಯೇಲಿಯಿಂದ ರೈಲಿನಲ್ಲಿ ಬಂದಿಳಿದಳು.

ಅಪಾ ಹಾಲಿನ ಕಾರ್ಖಾನೆಯಲ್ಲಿ ಕ್ಯಾನು ತಿಕ್ಕುತ್ತಲೇ ಮುದುಕಿಯಾದವಳು. ಹೊಸ ಸೊಸೆಯಾಗಿ ಬಂದ ದಿನವೇ ಅತ್ತೆಯ ಬಟ್ಟಲು ಮೂಸಿ, "ಇನ್ನೊಂದ್ಸಲ ತೊಳೀಬೇಕಿತ್ತು" ಎಂದಳಂತೆ. ಊರು ಅದನ್ನಿನ್ನೂ ಮರೆತಿಲ್ಲ. ನಮ್ಮಲ್ಲಿ ಅಜ್ಜಿಯರು ಪ್ರೀತಿಯಿಂದ ಮೊಮ್ಮಕ್ಕಳ ಹಣೆ ಮೂಸುತ್ತಾರೆ. ಇವಳೂ ಮೂಸುತ್ತಾಳೆ, ಆಮೇಲೆ "ಸೋಪು ಹಾಕಿದ್ಯಾ?" ಎಂದು ಕೇಳುತ್ತಾಳೆ.

ಈಗ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನ ಆಪರೇಷನ್ನಿಗೆ ಕೊನೆಗೂ ಸರದಿ ಬಂದಿತ್ತು. ಇದು ತಪ್ಪಿದರೆ ಮತ್ತೆ ಕರೆಯುವ ಹೊತ್ತಿಗೆ ಕತ್ತಲೆಯೇ ಗಟ್ಟಿ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿನವರೆಗೆ ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ.

ಬಾಗಿಲಲ್ಲೇ ಬರೋನ್ ಅವಳ ಕೈ ನೆಕ್ಕಿತು.

"ಥೂ! ಏನೋ ಇದು, ಒದ್ದೆ?"

"ನಾಯಿ, ಅಪಾ. ಚಿಕ್ಕದು."

"ಕರು ತರ ಕಾಣ್ತಿದೆ! ಪೊರೆ ಬಂದಿರೋದು ಕಣ್ಣಿಗೆ ಕಣೋ, ಬುದ್ಧಿಗಲ್ಲ. ಮನೆ ಒಳಗೆ ನಾಯಿ ಸಾಕ್ತಾರೇನೋ? ನನ್ನ ರೈಲು ಹತ್ತಿಸು. ಕುರುಡಿ ಆದ್ರೆ ಇದರ ಮೂತಿ ನೋಡೋದಾದ್ರೂ ತಪ್ಪುತ್ತೆ."

ನಾಯಿಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರೇನೋ ಎಂದು ಕೇಳಿ ನೋಡಿದೆ. ಎಲ್ಲರೂ ನನ್ನ ಪ್ಯಾಂಟು ನೋಡಿ ನಕ್ಕರು. ಉಳಿದದ್ದು ನಾಯಿಯನ್ನು ಅವಳ ಕೋಣೆಗೆ ಬಿಡದಂಥ ಗೇಟು.

ನಾಯಿ ಸಾಮಾನಿನ ಅಂಗಡಿಯಲ್ಲಿ ಗೋಡೆಗೆ ಸ್ಕ್ರೂ ಹೊಡೆಯುವ ಗೇಟಿತ್ತು. ಮನೆಯೊಡತಿ ಮೊಳೆ ಹೊಡೆಯಲೂ ಬಿಡುವವಳಲ್ಲ. ಸುತ್ತಿಡುವ ಬಲೆಯದಿತ್ತು, ಅದು ಜೊಲ್ಲಲ್ಲಿ ನೆನೆದು ತೊಟ್ಟಿಕ್ಕುವುದನ್ನು ನೆನೆದು ಅಲ್ಲೇ ಬಿಟ್ಟೆ. ಕೊನೆಗೆ ಬಾಗಿಲ ಚೌಕಟ್ಟಿನ ನಡುವೆ ಒತ್ತಿ ಬಿಗಿಯುವ ಕಬ್ಬಿಣದ್ದನ್ನು ತಂದೆ. ಎತ್ತರ ನೋಡಿದ್ದೆ. ಸರಳುಗಳ ನಡುವೆ ಬರೋನ್‌ನ ತಲೆ ತೂರುವುದಿಲ್ಲ ಎಂದೂ ನೋಡಿದ್ದೆ. ನೆಲಕ್ಕಂಟಿದ ಅಡ್ಡಪಟ್ಟಿಯೊಂದನ್ನು ಮಾತ್ರ ನೋಡಿರಲಿಲ್ಲ.

ಅಪಾಳ ಕೋಣೆಯ ಬಾಗಿಲಿಗೆ ಬಿಗಿದೆ. ಅವಳು ಕಾಲ್ಬೆರಳಲ್ಲಿ ಪಟ್ಟಿ ತಡವಿದಳು.

"ಏನಿದು, ಹೊಸಿಲಾ?"

"ಬರೀ ಪಟ್ಟಿ, ಅಪಾ."

"ಕಾಲೆತ್ತಿ ದಾಟೋದೆಲ್ಲ ಹೊಸಿಲೇ."

ಅಲ್ಲಿಗೆ ನನ್ನ ಕಥೆ ಮುಗಿಯಿತು. ನಮ್ಮಲ್ಲಿ ಹೊಸಿಲಿನ ಆಚೆಯಿಂದ ಸಲಾಂ ಹೇಳುವಂತಿಲ್ಲ, ಏನನ್ನೂ ಕೊಡುವಂತಿಲ್ಲ. ಗೇಟಿನ ಮೇಲಿಂದ ಚಹಾ ಚಾಚಿದರೆ ಅಪಾ ಕೈ ಹಿಂದಕ್ಕೆಳೆದುಕೊಳ್ಳುವಳು. "ಒಳಗೆ ಬಂದು ಕೊಡೋ, ದರಿದ್ರ ಅಂಟಿಸಬೇಡ." ನಾನು ಗೇಟು ತೆರೆದರೆ ಬರೋನ್ ನನ್ನ ಕಾಲ ಸಂದಿಯಲ್ಲಿ ನುಗ್ಗುವುದು. ಅವಳು ದಿನಕ್ಕೆಷ್ಟು ಬಾರಿ ಚಹಾ ಕುಡಿಯುತ್ತಾಳೆಂದು ಕೇಳಬೇಡಿ.

ಆಪರೇಷನ್ನಿನ ಹಿಂದಿನ ದಿನ ಹಾಗೆ ನುಗ್ಗಿದ ನಾಯಿ ಅವಳ ಹಾಲು ಹಾಕಿದ ಚಹಾವನ್ನು ಲೊಚಲೊಚ ನೆಕ್ಕಿ, ನಮಾಜಿನ ಚಾಪೆಯ ಮೇಲೆ ನಿಂತು ತಲೆ ಕೊಡವಿತು. ನೂಲಿನಂಥದ್ದೊಂದು ಹಾರಿ ಕರಿದ ಹಿಟ್ಟಿನುಂಡೆ ಬೌರ್ಸಾಕಿನ ತಟ್ಟೆಯಲ್ಲಿ ಸುತ್ತಿಕೊಂಡು ಬಿತ್ತು.

ಅಪಾ ಬೈಯಲಿಲ್ಲ. ಚೀಲ ತುಂಬತೊಡಗಿದಳು. ನಾನು ಗೇಟಿಗೆ ಅಡ್ಡ ನಿಂತೆ.

"ಅಪಾ, ನಾಳೆ ಒಂದಿನ..."

"ದಾರಿ ಬಿಡು."

ಚೀಲ ಹಿಡಿದು ಗೇಟಿನವರೆಗೆ ಬಂದವಳು ನನ್ನ ಪಕ್ಕದಲ್ಲೇ ನಿಂತಳು. ಮೂಗು ಅರಳಿತು. ನನ್ನ ಹೆಗಲು ಮೂಸಿದಳು, ಬಗ್ಗಿ ನಾಯಿಯ ನೆತ್ತಿ ಮೂಸಿದಳು, ಮತ್ತೆ ನನ್ನ ಹೆಗಲು.

"ಈ ನಾತ ನಾಯೀದು ಅಂದ್ಕೊಂಡಿದ್ದೆ. ನಿಂದು ಕಣೋ! ಹಾಸಿಗೆ ಬಟ್ಟೆ ಒಗೆದು ಎಷ್ಟು ದಿನ ಆಯ್ತು?"

ನಾನು ಬೆರಳು ಮಡಿಸುತ್ತ ಎಣಿಸತೊಡಗಿದೆ.

"ಗೇಟು ಕಿತ್ತು ನಿನ್ನ ರೂಮಿಗೆ ಹಾಕು. ಜೊಲ್ಲಪ್ಪ, ನೀನು, ಇಬ್ರೂ ಆ ಕಡೆ ಇರಿ. ಈ ಕಡೆ ನಂದು." ಚೀಲ ಕೆಳಗಿಟ್ಟಳು.

ಸ್ಕ್ರೂ ಇಲ್ಲದ ಗೇಟಾದ್ದರಿಂದ ಕಿತ್ತು ನನ್ನ ಬಾಗಿಲಿಗೆ ಬಿಗಿಯುವುದು ಸುಲಭವಾಯಿತು. ಹೊಸಿಲಿನ ಮೇಲಿಂದ ಅವಳು ಊಟ ಕೊಡುವಂತಿಲ್ಲವಾದ್ದರಿಂದ ನಾನೇ ಹೊರಗೆ ಬರಬೇಕು. ಬಂದರೆ ತಪಾಸಣೆ: ಹಣೆ, ಕೈ, ಕಾಲುಚೀಲ. ಎರಡು ಸಲ ವಾಪಸು ಕಳಿಸಿದಳು.

"ನಾಯಿಗೆ ಏನೂ ಅನ್ನಲ್ವಲ್ಲ ಅಪಾ?"

"ಅದಕ್ಕೆ ಬುದ್ಧಿ ಇಲ್ಲ. ನಿಂಗೇನ್ ಬಂದಿದೆ ರೋಗ?"

ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿಸಿ ಮನೆಗೆ ಕರೆತಂದೆ. ಅಪಾ ಬಾಗಿಲಲ್ಲಿ ನಿಂತು ತಿಳಿಯಾದ ಬಲಗಣ್ಣನ್ನು ನಿಧಾನವಾಗಿ ತಿರುಗಿಸಿದಳು. ಗೋಡೆಯ ಹೊಳೆಯುವ ಗೆರೆಗಳು. ಒಲೆಯ ಹಿಂದಿನ ಜಿಡ್ಡು. ಕೂದಲು ಮೆತ್ತಿದ ಸೋಫಾ. ಕೊನೆಗೆ ಕೆಟಲು ಎತ್ತಿ ಒಳಗೆ ಇಣುಕಿ, ಮುಖ ಕಿವುಚಿದಳು.

"ಇದರಲ್ಲೇನೋ ನಾನು ಇಷ್ಟು ದಿನ ಚಹಾ ಕುಡಿದಿದ್ದು?"

"ಕಣ್ಣು ಚೆನ್ನಾಗಿ ಕಾಣ್ತಿದ್ಯಲ್ಲ ಅಪಾ! ಎಡಗಣ್ಣಿಗೂ ಹೆಸರು ಬರೆಸೋಣ."

"ಬೇಡಪ್ಪಾ. ನಿನ್ನ ಮನೆ ನೋಡೋಕೆ ಒಂದು ಕಣ್ಣೇ ಹೆಚ್ಚಾಯ್ತು."

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಪಾ ಕುರ್ಚಿ ಎಳೆದು ಕೂತು ಬೆರಳು ತೋರಿಸುತ್ತಾಳೆ. ಕಮೋಡು ಮಾರುವವನು ಬಕೆಟ್ಟು ಹಿಡಿದು ಗೋಡೆ ತಿಕ್ಕುತ್ತಾನೆ. ಗೇಟಿನ ಹಿಂದೆ ಬರೋನ್ ಸರಳಿನ ಸಂದಿಯಲ್ಲಿ ಜೊಲ್ಲು ಇಳಿಬಿಟ್ಟು ನೋಡುತ್ತದೆ.

"ಅಲ್ಲಿ. ಇನ್ನೂ ಮೇಲೆ. ಥೂ, ಸೂರಿಗೂ ಹಾರಿದೆ! ಸ್ಟೂಲ್ ತಗೊಂಬಾ."