ಮಹಾಲಕ್ಷ್ಮಕ್ಕನ ಕಂಡಕ್ಟರ್

ನಮ್ಮ ಪಕ್ಕದ ಮನೆಯ ಮಹಾಲಕ್ಷ್ಮಕ್ಕನಿಗೆ ಮೈಬಗ್ಗಿಸಿ ದುಡಿಯುವುದು ಗೊತ್ತಿತ್ತು, ಗೆಲ್ಲುವುದು ಗೊತ್ತಿರಲಿಲ್ಲ. ಗದ್ದೆಗೆ ಯಾವ ಬೀಜ, ಕೊಟ್ಟಿಗೆಯಲ್ಲಿ ಎಷ್ಟು ದನ, ಕೊನೆಗೆ ತಂಬುಳಿಗೆ ಯಾವ ಒಗ್ಗರಣೆ ಎಂಬುದನ್ನೂ ಗಂಡ ಉಮಾಮಹೇಶ್ವರನೇ ಹೇಳುತ್ತಿದ್ದ. ಕೆಟ್ಟ ಮನುಷ್ಯನಲ್ಲ, ತಾನು ಹೇಳಿದ್ದೇ ಆಗಬೇಕೆನ್ನುವ ಜಾಯಮಾನ. ಅವಳು ಎಲ್ಲದಕ್ಕೂ "ಹೂಂ" ಎಂದು ಒಳಗೆ ಹೋಗುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವಳು ಯಾರನ್ನೂ ಕೇಳದೆ ಹೊಳೆಬಾಗಿಲು ಎಂಬಲ್ಲಿಂದ ಒಂದು ನಾಯಿ ತಂದಳು.

ಹಿನ್ನೀರಿಗೆ ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋಗುವವರೆಲ್ಲ ಅಲ್ಲಿ ಲಾಂಚಿಗೆ ಕಾಯುತ್ತಿದ್ದರು. ಈ ಕೆಂಚು ನಾಯಿ ಸಾಲಿನಲ್ಲಿ ನಿಂತ ಒಂದೊಂದು ವಾಹನದ ಬಾಗಿಲಿಗೂ ಹೋಗಿ ಬಿಸ್ಕತ್ತು ವಸೂಲಿ ಮಾಡುತ್ತಿತ್ತು. ಅಂಗಡಿಯವರು ಅದಕ್ಕೆ ಕಂಡಕ್ಟರ್ ಎಂದೇ ಹೆಸರಿಟ್ಟಿದ್ದರು. ಲಾಂಚು ದಡ ಬಿಟ್ಟರೆ ಅದರ ಹಿಂದೆ ಒಂದಷ್ಟು ದೂರ ಈಜಿ ವಾಪಸ್ ಬರುವುದು ಅದರ ಖಯಾಲಿ. ಸೇತುವೆಯಾದ ಮೇಲೆ ವಾಹನಗಳು ನಿಲ್ಲದೆ ಹೋದವು, ನಾಯಿ ಮಾತ್ರ ಖಾಲಿ ದಡದಲ್ಲಿ ಕೂತೇ ಇತ್ತು. ನೆಂಟರ ಮನೆಗೆ ಹೋಗಿದ್ದ ಮಹಾಲಕ್ಷ್ಮಕ್ಕ ಅದನ್ನು ನೋಡಿ, ಆಟೋದಲ್ಲಿ ಕಾಲ ಬಳಿ ಕೂರಿಸಿಕೊಂಡು ಬಂದುಬಿಟ್ಟಳು.

ಬಿಸ್ಕತ್ತು ತಿಂದು ಬೆಳೆದ ನಾಯಿಗೆ ಊರೆಲ್ಲ ನೆಂಟರೇ. ಗುಜರಿಯವನು ಬಂದರೂ ಬಾಲ ಅಲ್ಲಾಡಿಸಿತು, ಗದ್ದೆಗೆ ಹಂದಿ ನುಗ್ಗಿದರೂ ಬಾಲ ಅಲ್ಲಾಡಿಸಿತು. ಒಂದು ಸಲವೂ ಬೊಗಳಲಿಲ್ಲ.

"ಬೊಗಳದ ನಾಯಿ ಎಂತಕ್ಕೆ? ದೀಪಾವಳಿ ಮುಗೀಲಿ, ತಂದಲ್ಲಿಗೇ ನಾನೇ ಬಿಟ್ಟಿಕ್ಕಿ ಬತ್ತಿ" ಎಂದ ಉಮಾಮಹೇಶ್ವರ.

"ಅಲ್ಲಿ ಈಗ ಯಾರೂ ಇಲ್ಲೆ. ಇದು ಇಲ್ಲೇ ಇರ್ತು" ಎಂದಳು ಮಹಾಲಕ್ಷ್ಮಕ್ಕ. ಅವನು ಕೇಳಿಸದವನಂತೆ ಎದ್ದು ಹೋದ.

ಗೋಪೂಜೆಯ ಬೆಳಿಗ್ಗೆ ದನಗಳ ಕೊರಳಿಗೆ ಅಡಿಕೆ, ಚೆಂಡುಹೂವಿನ ಸರ ಕಟ್ಟಿ, ಪೂಜೆಯಾದ ಮೇಲೆ ಜಾಗಟೆ ಬಡಿದು ಬೆದರಿಸಿ ಬಿಡುವುದು ನಮ್ಮಲ್ಲಿಯ ಪದ್ಧತಿ. ಗೌರಿ ಎಂಬ ಕಡಸನ್ನು ಆ ವರ್ಷವಷ್ಟೇ ತಂದಿದ್ದರು. "ಅದ್ಕೆ ಜಾಗಟೆ ಅಭ್ಯಾಸ ಇಲ್ಲೆ, ದೂರ ನಿಂತ್ಕಂಡು ಬಡೀರಿ" ಎಂದಳು ಮಹಾಲಕ್ಷ್ಮಕ್ಕ. ಅವಳು ಹೇಳಿದಳೆಂದೇ ಇರಬೇಕು, ಉಮಾಮಹೇಶ್ವರ ಕಡಸಿನ ಕಿವಿಯ ಹತ್ತಿರವೇ ಬಡಿದ.

ಗೌರಿ ಹಗ್ಗ ಕಿತ್ತುಕೊಂಡು ಗದ್ದೆ ಹಾರಿ, ನಮ್ಮೂರ ಅಂಚಿಗೂ ಚಾಚಿರುವ ಹಿನ್ನೀರಿಗೆ ಬಿದ್ದು, ಈಜಿ ನೀರ ನಡುವಿನ ಒಂದು ನಡುಗಡ್ಡೆ ಹತ್ತಿತು. ನಾವೆಲ್ಲ ದಡದಲ್ಲಿ ನಿಂತು ಕರೆದೆವು. ನಮ್ಮ ಗದ್ದಲಕ್ಕೆ ಅದು ಇನ್ನಷ್ಟು ಹೆದರಿ ಆಚೆ ಬದಿಗೆ ಸರಿಯಿತು. ಆಚೆ ಬದಿಯಲ್ಲಿ ಕಣ್ಣು ಹಾಯುವಷ್ಟೂ ನೀರು. ಅಲ್ಲಿ ಇಳಿದರೆ ಗೌರಿಯ ಆಸೆ ಬಿಟ್ಟಂತೆಯೇ. ನಮ್ಮಲ್ಲಿ ದೋಣಿಯಿಲ್ಲ. ಉಮಾಮಹೇಶ್ವರ ಜಾಗಟೆ ಹಿಡಿದುಕೊಂಡೇ ನಿಂತಿದ್ದ.

ಮಹಾಲಕ್ಷ್ಮಕ್ಕ ನಾಯಿಯ ಬೆನ್ನು ತಟ್ಟಿದಳು. "ಕಂಡಕ್ಟರ್, ಹೋಗು."

ಅದು ನೀರಿಗೆ ಹಾರಿತು. ನಡುಗಡ್ಡೆಯನ್ನು ಸುತ್ತಿ ಆಚೆ ಬದಿಯಲ್ಲಿ ಹತ್ತಿ, ಗೌರಿಗೆ ಎದುರಾಗಿ ನಿಂತು ಬೊಗಳಿತು. ಒರಟು, ಗಡಸು ದನಿ, ನಾಯಿಗೇ ಗಾಬರಿಯಾದಂತಿತ್ತು. ಗೌರಿ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ ಅಡ್ಡ ಬಂತು. ಕೊನೆಗೆ ಕಡಸು ತಿರುಗಿ ನಮ್ಮ ಕಡೆಗೇ ನೀರಿಗಿಳಿಯಿತು. ಲಾಂಚಿನ ಹಿಂದೆ ಈಜುತ್ತಿದ್ದ ಹಾಗೆಯೇ ಕಂಡಕ್ಟರ್ ಅದರ ಹಿಂದೆ ಈಜುತ್ತ ಬಂತು. ಗೌರಿ ದಡ ಹತ್ತಿದಾಗ ಮಹಾಲಕ್ಷ್ಮಕ್ಕ ಅತ್ತುಬಿಟ್ಟಳು, ನಾನೂ ಅತ್ತೆ.

ಮನೆಗೆ ಬಂದ ಮೇಲೆ ಉಮಾಮಹೇಶ್ವರ ಉಳಿದಿದ್ದ ಒಂದು ಸರ ತಂದು ಹೆಂಡತಿಯ ಮುಂದೆ ಹಿಡಿದ. "ಇದ್ನ ಅದ್ಕೆ ಕಟ್ಟು" ಎಂದ ಮೆಲ್ಲಗೆ.

ಮಹಾಲಕ್ಷ್ಮಕ್ಕ ನಾಯಿಯ ಮೈ ಒರೆಸುತ್ತಿದ್ದವಳು ತಲೆಯೆತ್ತಲಿಲ್ಲ. "ಜಾಗಟೆ ಬಡದವ್ರೇ ಕಟ್ಲಿ."

ಉಮಾಮಹೇಶ್ವರ "ಹೂಂ" ಎಂದು ಬಗ್ಗಿ, ನಾಯಿಯ ಕೊರಳಿಗೆ ಸರ ಕಟ್ಟಿದ.