ನೋಡದ ಮುಖಕ್ಕೆ ಬೆರಳು ತೋರಿಸಿದೆ

ನಸೀಮಾ, ಅಂದು ಬಾಲ್ಕನಿಯಲ್ಲಿ ನಿಂತು ನಾನು ಕ್ಲೀನಿಂಗ್ ಕಂಪನಿಗೆ ಫೋನ್ ಮಾಡಲೇ ಇಲ್ಲ. ಕಿವಿಗೆ ಮೊಬೈಲ್ ಒತ್ತಿಕೊಂಡು ಸುಮ್ಮನೆ ಮಾತನಾಡಿದೆ — ನಿನಗೆ ಕೇಳಲೆಂದು, ಸ್ವಲ್ಪ ಜೋರಾಗಿಯೇ.

ದುಬೈ ಮಿರ್ದಿಫ್‌ನ ಆ ಮನೆಗೆ ವಾರಕ್ಕೊಮ್ಮೆ ಆ ಕಂಪನಿಯಿಂದ ಇಬ್ಬರು ಹೆಂಗಸರು ಬರುತ್ತಿದ್ದರು. ಒಂದೇ ನೀಲಿ ಯೂನಿಫಾರ್ಮ್, ಒಂದೇ ಬಣ್ಣದ ತಲೆಬಟ್ಟೆ. ನಾನು ಅವರ ಮುಖ ನೋಡಿದವನಲ್ಲ. ಪರಸ್ತ್ರೀ ಎದುರಾದರೆ ಕಣ್ಣು ತಗ್ಗಿಸಬೇಕೆಂದು ಉಮ್ಮ ಕಲಿಸಿದ್ದರು. ಅದು ನನಗೊಂದು ಹೆಮ್ಮೆ. ನೀನೋ, ಯಾವುದೋ ಮದುವೆಯಲ್ಲಿ ಕಂಡವಳನ್ನು ಎಷ್ಟೋ ವರ್ಷಗಳ ಮೇಲೆ ಲಿಫ್ಟಿನಲ್ಲಿ ಗುರುತು ಹಿಡಿಯುವವಳು. ಹೆಂಗಸರಿಗೆ ಬೇರೆ ಕೆಲಸವಿಲ್ಲ ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಅವರಲ್ಲೊಬ್ಬಳು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಹೋದಳು, ನಮ್ಮ ಮಗಳು ಮುಟ್ಟಿದಳು. ಇನ್ನೊಬ್ಬಳು ಮಗಳನ್ನೆತ್ತಿಕೊಂಡು ಓಡಿ ಕೈಯನ್ನು ನಳ್ಳಿಯ ಕೆಳಗೆ ಹಿಡಿದಳು. ನೀನು ಕೆಲಸದಿಂದ ಬಂದು ಬಾಗಿಲು ತೆರೆದದ್ದು ಅದೇ ಹೊತ್ತಿಗೆ. ನಾನೂ ಅಲ್ಲೇ ಇದ್ದೆ. ನನಗೆ ಕಂಡದ್ದು ಮಗಳ ಕೈ ಮಾತ್ರ.

ನಾನು ದೂರು ಕೊಟ್ಟಿದ್ದೆ; ಮರುದಿನ ನೀನಿಲ್ಲದಾಗ ಕಂಪನಿಯ ಸೂಪರ್‌ವೈಸರ್ ಬಂದು ಇಬ್ಬರ ಫೋಟೋ ತೋರಿಸಿದ. ಇಸ್ತ್ರಿಪೆಟ್ಟಿಗೆ ಇಟ್ಟದ್ದು ತಾನಲ್ಲ ಎಂದು ಇಬ್ಬರೂ ಹೇಳುತ್ತಿದ್ದಾರಂತೆ. ನಾನು ನೋಡಿಲ್ಲ ಎಂದಿದ್ದರೆ ಮರ್ಯಾದೆಯೇನೂ ಹೋಗುತ್ತಿರಲಿಲ್ಲ — ಆದರೆ ಸಿಟ್ಟು ತಲೆಗೇರಿತ್ತು, ಯಾರಾದರೂ ಒಬ್ಬರು ಬೇಕಿತ್ತು. ಒಂದು ಮುಖದ ಮೇಲೆ ಬೆರಳಿಟ್ಟೆ.

“ಖಲಾಸ್ ಸರ್, ಇವಳ ವೀಸಾ ಕ್ಯಾನ್ಸಲ್,” ಎಂದ.

ಅವನು ಕಳಿಸಿದ್ದ ಫೋಟೋವನ್ನು ಸಂಜೆ ನಿನಗೆ ತೋರಿಸಿದೆ, ಶಹಬ್ಬಾಸ್ ಅನ್ನುತ್ತೀ ಎಂದುಕೊಂಡು.

“ಇವಳಲ್ಲ ಮಾರಾಯ್ರೆ. ಮಗುವಿನ ಕೈ ನೀರಿಗೆ ಹಿಡಿದದ್ದೇ ಇವಳು. ಈಗ್ಲೇ ಫೋನ್ ಮಾಡಿ.”

ಆಗಲೂ ಕಾಲ ಮಿಂಚಿರಲಿಲ್ಲ. ಅವಳಿನ್ನೂ ಅಲ್ ಕೂಜ್‌ನ ಕೆಲಸಗಾರರ ಕ್ಯಾಂಪಿನಲ್ಲಿದ್ದಳು. ಆದರೆ ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು ಎಂದು ಇನ್ನೊಬ್ಬ ಗಂಡಸಿನೆದುರು ಒಪ್ಪಿಕೊಳ್ಳುವುದು — ಅದು ನನ್ನಿಂದಾಗಲಿಲ್ಲ. ಬಾಲ್ಕನಿಗೆ ಹೋಗಿ ಆ ಸುಳ್ಳು ಫೋನ್ ಮಾಡಿದೆ. ಗಂಡಸರಿಗೆ ಮುಖ ನೆನಪಿರುವುದಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಮರೆವಲ್ಲ. ಮೊದಲು ನಾನು ನೋಡಿಯೇ ಇರಲಿಲ್ಲ. ನೀನು ಹೇಳಿದ ಮೇಲಂತೂ ಗೊತ್ತಿದ್ದೂ ಸುಮ್ಮನಿದ್ದೆ.

ಅವಳನ್ನು ಅಬುಧಾಬಿಗೆ ಹಾಕಿದ್ದಾರೆ ಎಂದು ನಿನ್ನನ್ನು ನಂಬಿಸಿದವನೂ ನಾನೇ. ಅಂದಿನಿಂದ ಅಲ್ಲಿನ ಹಮ್ದಾನ್ ಸ್ಟ್ರೀಟಿಗೆ ಹೋದಾಗಲೆಲ್ಲ ನೀಲಿ ಯೂನಿಫಾರ್ಮ್ ಕಂಡಲ್ಲಿ ನಿಲ್ಲುತ್ತೀ, ಅವಳಿಗೊಮ್ಮೆ ಥ್ಯಾಂಕ್ಸ್ ಹೇಳಬೇಕು ಎನ್ನುತ್ತೀ. ಕಳೆದ ವಾರ ಮಗಳ ಕೈಹಿಡಿದು ನೀನು ಕಂಪನಿ ವ್ಯಾನಿನ ಕಿಟಕಿಗಳಲ್ಲಿ ಒಂದೊಂದೇ ಮುಖ ನೋಡುತ್ತಿದ್ದಾಗ, ಹಿಂದೆ ನಿಂತಿದ್ದ ನಾನು ಮತ್ತೆ ಕಣ್ಣು ತಗ್ಗಿಸಿದೆ.

ಇನ್ನು ಹುಡುಕಬೇಡ ನಸೀಮಾ. ಅವಳು ಈ ದೇಶದಲ್ಲಿಲ್ಲ. ನಾನು ಕಳಿಸಿಬಿಟ್ಟೆ.