ಮಿಕ್ಸರ್ ಜೋರು ಮಾಡಿದ್ದು ನಾನೇ

ತೊಂಬತ್ತರ ದಶಕದಲ್ಲಿ ಅಮೆರಿಕದ ಗೈದರ್ಸ್‌ಬರ್ಗ್‌ನ ಲ್ಯಾಬೊಂದರಲ್ಲಿದ್ದೆ. ಪಾಲಿಮರ್ ಬೆರೆಸಿದ ಮಂದ ನೀರನ್ನು ಮರಳುಗಲ್ಲಿನೊಳಕ್ಕೆ ತಳ್ಳಿ, ಅಲ್ಲಿ ಸಿಕ್ಕಿಕೊಂಡ ಕಚ್ಚಾ ಎಣ್ಣೆ ಹೊರತೆಗೆಯೋದು ನಮ್ಮ ಕೆಲಸ. ಹಳೇ ಟೆಕ್ನಿಷಿಯನ್ ವಾಲ್ಟರ್ ಆ ನೀರನ್ನು ಇಡೀ ದಿನ ನಿಧಾನವಾಗಿ ಕಲಕುತ್ತಿದ್ದರು.

ಒಂದಿನ ಅವರು ಲಂಚಿಗೆ ಹೋದಾಗ ನೀರಿನಲ್ಲಿ ಗಂಟುಗಳು ಕಂಡವು. ರಾಗಿಮುದ್ದೆ ತಿರುವಿದ ಕೈ ನನ್ನದು, ಸುಮ್ಮನಿರಲಿಲ್ಲ. ಮಿಕ್ಸರ್ ಜೋರು ಮಾಡಿ ಗಂಟು ಒಡೆದೆ. ಜೊತೆಗೆ ನೀರನ್ನು ಮಂದವಾಗಿಸುವ ಪಾಲಿಮರಿನ ಉದ್ದನೆಯ ಎಳೆಗಳೂ ತುಂಡಾದವು. ಮರುದಿನ ಅದು ಬರೀ ನೀರಿನಂತೆ ಹರಿದುಹೋಯಿತು. ಎಣ್ಣೆ ಕಲ್ಲಿನಲ್ಲೇ ಉಳಿಯಿತು.

"ಯಾರು ಕಲಸಿದ್ದು?" ಅಂದ ಬಾಸ್.

"ನಾನು," ಅಂದರು ವಾಲ್ಟರ್. "ವಯಸ್ಸಾಯ್ತು, ಎಲ್ಲೋ ಕೈತಪ್ಪಿದೆ."

ನನ್ನ ವೀಸಾ ಬಾಸ್ ಕೈಯಲ್ಲಿತ್ತು. ಸುಮ್ಮನಿದ್ದೆ. ತಮ್ಮ ಕೈ ಮೇಲೆ ನಂಬಿಕೆ ಹೋಯ್ತು ಅಂತ ಮುಂದಿನ ತಿಂಗಳೇ ವಾಲ್ಟರ್ ರಿಟೈರ್ ಆದರು.

ಗಂಟಿಲ್ಲದ ಮುದ್ದೆಗೆ ಇಲ್ಲಿನ ಕನ್ನಡದವರಲ್ಲಿ ಈಗಲೂ ನನ್ನದೇ ಹೆಸರು.